ತಮ್ಮನ ಪಾಲಿನ ಹತ್ತು ಮಣಿ

ಅಮ್ಮನ ಸ್ವರ ಈಗ ಉಳಿದಿರುವುದು ಒಂದೇ ಒಂದು ಕಡೆ. ಉಪ್ಪಳದಲ್ಲಿ, ನಮ್ಮ ಬಾಪ್ಪುವಿನ ಮನೆಯ ಟಿ.ವಿ.ಯ ಕೆಳಗಿನ ಕಪಾಟಿನಲ್ಲಿ, ಒಂದು ವಿಡಿಯೊ ಕ್ಯಾಸೆಟ್ಟಿನ ಒಳಗೆ. ಬಾಪ್ಪು ಅಂದರೆ ಅಪ್ಪನ ತಮ್ಮ. ಅಮ್ಮ ತೀರಿಕೊಂಡು ಕೆಲವು ತಿಂಗಳಾದವು. ಹೊಲಿಗೆ ಮೆಷಿನಿನ ಮುಂದೆ ಕುಳಿತಿರುವಾಗ ಆ ಸ್ವರವನ್ನು ಒಮ್ಮೆ ಕೇಳಬೇಕು ಎಂದು ಬಹಳ ಆಸೆಯಾಗುತ್ತದೆ. ಆದರೆ ಅದನ್ನು ಕೇಳಬೇಕಾದರೆ ಮೊದಲು ಆ ಕ್ಯಾಸೆಟ್ಟಿನಲ್ಲಿರುವ ಒಂದು ನಗುವನ್ನು ಕೇಳಬೇಕು. ಆದ್ದರಿಂದ ನಾನು ಹೋಗಿಲ್ಲ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಕೊಂಕಣಿ, ಅಪ್ಪನ ಜೀಪಿನಲ್ಲಿ ಬರುವವರ ಜೊತೆ ತುಳು, ಪಂಚಾಯತು ಕಚೇರಿಗೆ ಹೋದರೆ ಮಲಯಾಳ. ಬರೆಯಲು ಬರುವುದು ಕನ್ನಡ ಮಾತ್ರ. ಅಪ್ಪ ಪೈವಳಿಕೆಯಿಂದ ಉಪ್ಪಳಕ್ಕೆ ಟ್ರಿಪ್ ಜೀಪು ಓಡಿಸುತ್ತಾರೆ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನನಗಿಂತ ಎಷ್ಟೋ ಚಿಕ್ಕವನು ತಮ್ಮ. ಈಗ ಅವನಿಗೆ ಹದಿನೇಳು. ಅಮ್ಮನ ವಿಷಯ ಬರೆಯಬೇಕೆಂದು ಕುಳಿತರೆ ಪ್ರತಿ ಸಲವೂ ಬರಹ ಅವನ ಕಡೆಗೇ ತಿರುಗುತ್ತದೆ. ಅಮ್ಮನ ಕೊನೆಯ ವರ್ಷಗಳೆಲ್ಲ ಅವನ ಬಾಯಿ ಕಾಯುವುದರಲ್ಲೇ ಕಳೆದವು.

ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ದೀಪ ಹೊತ್ತಿಸಿದ ಮೇಲೆ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಇರುತ್ತದೆ. ಮಾಲೆಯಲ್ಲಿ ಹತ್ತು ಹತ್ತು ಮಣಿಗಳ ಐದು ಪಾಲು. ಒಂದೊಂದು ಪಾಲನ್ನು ಮನೆಯ ಒಬ್ಬೊಬ್ಬರು ನಡೆಸಿಕೊಡಬೇಕು. ನಡೆಸುವವರು ‘ನಮಾನ್ ಮೊರಿಯೆ’ ಎಂದು ದೇವಮಾತೆಗೆ ವಂದಿಸುವ ಪ್ರಾರ್ಥನೆಯನ್ನು ಅರ್ಧ ಹೇಳಿದರೆ ಉಳಿದವರು ಇನ್ನರ್ಧ ಹೇಳಿ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಹತ್ತು ಅಪ್ಪನದು, ಎರಡನೆಯದು ಅಮ್ಮನದು, ಮೂರನೆಯದು ನನ್ನದು, ನಾಲ್ಕನೆಯದು ತಮ್ಮನದು. ಐದನೆಯದು ಮನೆಗೆ ಬಂದ ನೆಂಟರದು. ನೆಂಟರಿಲ್ಲದಿದ್ದರೆ ಅದೂ ಅಮ್ಮನದೇ. ಮಾತು ಕಲಿತ ಮಗುವಿಗೆ ನಮ್ಮಲ್ಲಿ ಮೊದಲು ಸಿಗುವ ಆಸ್ತಿ ಈ ಹತ್ತು ಮಣಿ. ತಮ್ಮ ನಾಲ್ಕು ವರ್ಷದವನಿದ್ದಾಗಲೇ ಅದನ್ನು ಕೇಳಿ ಪಡೆದಿದ್ದ. ಅವನ ಸರದಿಯನ್ನು ಯಾರಾದರೂ ಮರೆತರೆ ಅಳುತ್ತಿದ್ದ. ಇಗರ್ಜಿಯ ಹಾಡಿನ ಮಕ್ಕಳಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವನೂ ಅವನೇ. ಅವನ ನಾಚಿಕೆ ಸ್ವಭಾವ ಹುಟ್ಟಿನಿಂದಲೇ ಬಂದದ್ದು ಎಂದು ಈಗ ಹೇಳುವವರಿಗೆ ಇದನ್ನು ಹೇಳಿ ನೋಡಿದ್ದೇನೆ. ಯಾರೂ ಒಪ್ಪುವುದಿಲ್ಲ. ಹುಟ್ಟಿನಿಂದ ಬಂದದ್ದು ಎಂದುಬಿಟ್ಟರೆ ಯಾರ ಕೈಯೂ ಕೊಳೆಯಾಗುವುದಿಲ್ಲವಲ್ಲ.

ತೊಂಬತ್ತಾರರ ಮೊಂತಿ ಹಬ್ಬಕ್ಕೆ ಬಾಪ್ಪು ಬಹರೈನಿನಿಂದ ರಜೆಯಲ್ಲಿ ಬಂದಿದ್ದರು. ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ತಂದು, ಅದರ ಕಾಳುಗಳನ್ನು ಹಾಲಿನಲ್ಲಿ ಹಾಕಿ ಮನೆಯವರೆಲ್ಲ ಕುಡಿಯುವ ಹಬ್ಬ ಅದು. ಅಪ್ಪ ಹಿರಿಯರಾದ್ದರಿಂದ ಎಲ್ಲರೂ ನಮ್ಮಲ್ಲಿಗೆ ಬರುವುದು. ಬಾಪ್ಪು ಆ ಸಲ ಹೆಗಲ ಮೇಲೆ ಇಟ್ಟು ಹಿಡಿಯುವ ವಿಡಿಯೊ ಕ್ಯಾಮರಾ ತಂದಿದ್ದರು. ಬಂದ ಗಳಿಗೆಯಿಂದ ಕ್ಯಾಮರಾದ ಹಿಂದೆಯೇ ಇದ್ದರು. ನಾವು ತರಕಾರಿ ಹೆಚ್ಚುವುದು, ಎಲೆ ಒರೆಸುವುದು, ಅಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡದ್ದು, ಎಲ್ಲವನ್ನೂ ತೆಗೆದರು. ಅವರು ಹತ್ತಿರ ಬಂದರೆ ಸೆಂಟಿನ ವಾಸನೆ, ಅದರ ಅಡಿಯಲ್ಲಿ ಸಿಗರೇಟಿನ ವಾಸನೆ. ಸೆಂಟು ಬಹಳ ಬೆಲೆಯದ್ದಂತೆ. ನನಗೆ ಅದು ಹಳಸಿದ ಹಣ್ಣಿನ ಹಾಗೆ ತೋರುತ್ತಿತ್ತು.

ಹಾಲು ಹಂಚುವ ಮೊದಲು ತೇರ್ಸ್ ಶುರುವಾಯಿತು. ತೇರ್ಸ್ ಶುರುವಾದಾಗ ಆರಿಸಿದ್ದ ಕ್ಯಾಮರಾವನ್ನು ನಾಲ್ಕನೆಯ ಹತ್ತು ಬಂದಾಗ ಬಾಪ್ಪು ಪುನಃ ಓಡಿಸಿ ತಮ್ಮನ ಮುಖದ ಹತ್ತಿರ ತಂದರು. ತಮ್ಮ ಮೊಣಕಾಲೂರಿ ನೆಟ್ಟಗಾದ. ಹೊಸ ಅಂಗಿ ಹಾಕಿಕೊಂಡಿದ್ದ. ಟಿ.ವಿ.ಯಲ್ಲಿ ಬರುತ್ತೇನೆ ಎಂಬ ಖುಷಿ ಅವನ ಮುಖದಲ್ಲಿ ಕಾಣುತ್ತಿತ್ತು. ಗಟ್ಟಿಯಾಗಿ ಶುರುಮಾಡಿದ. ಎರಡನೆಯದೋ ಮೂರನೆಯದೋ ಮಣಿಯಲ್ಲಿ ಅವನ ಸ್ವರ ಒಡೆಯಿತು. ಹದಿಮೂರು ವರ್ಷದ ಹುಡುಗರಿಗೆಲ್ಲ ಒಡೆಯುವ ಹಾಗೆಯೇ. ಅರ್ಧ ಮಾತು ದಪ್ಪಗೆ ಕೆಳಗಿಳಿದು, ಇನ್ನರ್ಧ ಕೀಚಲಾಗಿ ಮೇಲೆ ಹೋಯಿತು.

“ಎಂತದಾ ಇದು ಮಾರಾಯ? ಗಂಟಲಲ್ಲಿ ಕೋಳಿಮರಿ ಸಿಕ್ಕಿಕೊಂಡಿದೆಯಾ?” ಎಂದರು ಬಾಪ್ಪು, ಕ್ಯಾಮರಾ ಕೆಳಗಿಳಿಸದೆ.

ಮನೆಯೆಲ್ಲ ನಕ್ಕಿತು. ಪ್ರಾರ್ಥನೆಯ ಇನ್ನರ್ಧವನ್ನು ನಗುತ್ತಲೇ ಹೇಳಿದರು. ದೇವಮಾತೆಯ ಹೆಸರನ್ನು ನಗುವಿನ ಜೊತೆ ಅಗಿದು ಉಗುಳಿದ ಹಾಗಿತ್ತು. ತಮ್ಮ ಉಗುಳು ನುಂಗಿ ಪುನಃ ಶುರುಮಾಡಿದ. ಪುನಃ ಒಡೆಯಿತು. ಬಾಪ್ಪುವಿನ ಹೆಂಡತಿ, ನಮ್ಮ ಚಿಕ್ಕಮ್ಮ, ತಲೆಯ ಮೇಲಿನ ಸೆರಗನ್ನು ಬಾಯಿಗೆ ತುರುಕಿಕೊಂಡು ಪಕ್ಕದವರ ಭುಜಕ್ಕೆ ಒರಗಿದರು. ಎಲ್ಲರೂ ನಗಲಿಲ್ಲ, ಅದು ನಿಜ. ಅಪ್ಪ ನಗಲಿಲ್ಲ, ಅಮ್ಮ ನಗಲಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಅವನು ನೋಡುವ ಸ್ಥಿತಿಯಲ್ಲಿರಲಿಲ್ಲ. ತನ್ನವರೆಲ್ಲ ನಕ್ಕರು ಎಂದೇ ಅವನೊಳಗೆ ಕುಳಿತುಬಿಟ್ಟಿತು. ಅವನ ಕಿವಿಗಳು ಕೆಂಪಾಗಿ, ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು. ಆಗ ಅಮ್ಮ ಅವನ ಹತ್ತನ್ನು ಎತ್ತಿಕೊಂಡರು. ಶಾಂತವಾಗಿ, ಏನೂ ಆಗಲಿಲ್ಲ ಎನ್ನುವ ಹಾಗೆ ಕೊನೆಯ ಮಣಿಯವರೆಗೆ ಹೇಳಿ ಮುಗಿಸಿದರು. ಈಗ ನಮಗೆ ಉಳಿದಿರುವ ಅಮ್ಮನ ಸ್ವರ ಇದೇ.

ಅಲ್ಲಿಗೆ ಮುಗಿದಿದ್ದರೆ ಆ ವರ್ಷದ ಮಳೆಯ ಹಾಗೆ ಅದೂ ಮರೆತುಹೋಗುತ್ತಿತ್ತು. ಮರೆಯಲು ಕ್ಯಾಸೆಟ್ಟು ಬಿಡಲಿಲ್ಲ. ಉಪ್ಪಳದ ಹೆದ್ದಾರಿಯ ಬದಿಯಲ್ಲಿ ಬಾಪ್ಪು ಕಟ್ಟಿಸಿದ ಮನೆಯಲ್ಲಿ ದೊಡ್ಡ ಟಿ.ವಿ. ಇತ್ತು, ವಿ.ಸಿ.ಆರ್. ಇತ್ತು. ನಾಮಕರಣ ಇರಲಿ, ಕ್ರಿಸ್ಮಸ್ ಇರಲಿ, ಊಟವಾದ ಮೇಲೆ ಆ ಕ್ಯಾಸೆಟ್ಟು ಹೊರಗೆ ಬರುತ್ತಿತ್ತು. ಬಾಪ್ಪು ಬಹರೈನಿಗೆ ಹಿಂತಿರುಗಿದ ಮೇಲೂ ಚಿಕ್ಕಮ್ಮ ಹಾಕುತ್ತಿದ್ದರು.

“ಆ ಕೋಳಿಮರಿಯದ್ದು ಹಾಕಿ ಮಾರಾಯ್ತಿ.”

“ತಾಳಿ, ಸ್ವಲ್ಪ ಮುಂದೆ ಉಂಟು. ಹಾಂ, ಈಗ ನೋಡಿ, ಈಗ!”

“ಪುನಃ ಹಾಕಿ, ಪುನಃ!”

ಕ್ಯಾಸೆಟ್ಟು ಕಿರುಗುಟ್ಟುತ್ತ ಹಿಂದೆ ಹೋಗುತ್ತಿತ್ತು. ತಮ್ಮನ ಬಾಯಿ ತೆರೆಯುವುದು, ಮುಚ್ಚುವುದು, ಪುನಃ ತೆರೆಯುವುದು. ನೋಡುವವರ ಕೈಯಲ್ಲಿ ಬೇಕರಿಯ ಚಿಪ್ಸು, ಹಲ್ಲಿನಲ್ಲಿ ಅದರ ಚೂರು, ನಗುವಾಗ ಹಾರುವ ಎಂಜಲು. ತಮ್ಮ ಅಲ್ಲೇ ಮೂಲೆಯಲ್ಲಿ ಕುಳಿತಿರುತ್ತಿದ್ದ. ಎದ್ದು ಹೋದರೆ “ಓ, ಸಿಟ್ಟು ಬಂತು ದೊಡ್ಡ ಜನಕ್ಕೆ” ಎನ್ನುತ್ತಿದ್ದರು. ಕುಳಿತರೆ ಕೆನ್ನೆ ಹಿಂಡುತ್ತಿದ್ದರು. ಅವರಿಗೆ ಅದು ಪ್ರೀತಿಯಂತೆ. ನಮ್ಮವರು ಮಕ್ಕಳಿಗೆ ಕೊಡುವ ಪ್ರೀತಿಯಲ್ಲಿ ಅರ್ಧ ಈ ಜಾತಿಯದ್ದು. ಅಳುವವರೆಗೆ ಹಿಂಡುವುದು, ಅತ್ತರೆ ಚಾಕಲೇಟು ಕೊಡುವುದು.

ನನಗೆ ಮನಶ್ಶಾಸ್ತ್ರ ಗೊತ್ತಿಲ್ಲ. ಕಣ್ಣೆದುರು ಆದದ್ದಷ್ಟೇ ಗೊತ್ತು. ತಮ್ಮ ಮೊದಲು ಬಾಪ್ಪುವಿನ ಮನೆಗೆ ಹೋಗುವುದನ್ನು ಬಿಟ್ಟ. ಆಮೇಲೆ ಇಗರ್ಜಿಯಲ್ಲಿ ಹಾಡುವವರಿಂದ ಕೊನೆಯ ಬೆಂಚಿಗೆ ಹೋದ. ಆಮೇಲೆ ಅವನ ನಡಿಗೆಯೇ ಬದಲಾಯಿತು. ಅಂಗಳ ದಾಟುವಾಗಲೂ ಯಾರೋ ತನ್ನನ್ನು ತೆಗೆಯುತ್ತಿದ್ದಾರೆ ಎಂಬ ಹಾಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಡೆಯುತ್ತಿದ್ದ. ಒಮ್ಮೆ ನನ್ನಲ್ಲಿ ಹೇಳಿದ್ದ. “ಮಾತಾಡುವಾಗ ನನಗೆ ಎದುರಿನವರು ಕಾಣುವುದಿಲ್ಲ ಅಕ್ಕ, ನಾನೇ ಕಾಣುವುದು. ಆ ಟಿ.ವಿ.ಯಲ್ಲಿ ಕಾಣುವ ಹಾಗೆ.” ಹದಿನಾಲ್ಕು ವರ್ಷದವನ ಮಾತು ಇದು. ಬಾಪ್ಪು ಕ್ಯಾಮರಾವನ್ನು ಬಹರೈನಿಗೆ ತೆಗೆದುಕೊಂಡು ಹೋಗಿದ್ದರು. ಆದರೂ ಅದು ಅವನೊಳಗೆ ಓಡುತ್ತಲೇ ಇತ್ತು. ಈಗ ಅದನ್ನು ಹಿಡಿದು ನಿಂತವನು ಅವನೇ.

ಶಾಲೆಯಲ್ಲಿ ಬೆಳಗಿನ ಅಸೆಂಬ್ಲಿಯಲ್ಲಿ ಪ್ರತಿಜ್ಞೆ ಹೇಳಿಸುವುದಕ್ಕೆ ಹಾಜರಿ ಕ್ರಮದಲ್ಲಿ ಮಕ್ಕಳ ಸರದಿ ಬರುತ್ತಿತ್ತು. ತನ್ನ ಸರದಿಯ ಹಿಂದಿನ ದಿನವೇ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಬೆಳಿಗ್ಗೆ ಹೊಟ್ಟೆನೋವು. ನಾಟಕವಲ್ಲ, ಬಚ್ಚಲಿನಲ್ಲಿ ಬಗ್ಗಿ ಹಳದಿ ನೀರು ಕಕ್ಕುತ್ತಿದ್ದದ್ದನ್ನು ನಾನೇ ತೊಳೆದಿದ್ದೇನೆ. ಅಮ್ಮ “ಇವತ್ತು ಹೋಗ್ಬೇಡ ಪುತಾ” ಎಂದು ಮಲಗಿಸುತ್ತಿದ್ದರು. ಅಸೆಂಬ್ಲಿಯ ಹೊತ್ತು ದಾಟಿದ್ದೇ ನೋವು ಮಾಯವಾಗಿ ಎದ್ದು ಗಂಜಿ, ಉಪ್ಪಿನಕಾಯಿ ಕೇಳಿ ಉಣ್ಣುತ್ತಿದ್ದ. ಆ ಗಂಜಿಯ ರುಚಿಯೇ ಅವನನ್ನು ಹಾಳು ಮಾಡಿತೋ ಏನೋ. ಹೆದರಿಕೆಯಿಂದ ಒಮ್ಮೆ ತಪ್ಪಿಸಿಕೊಂಡರೆ ಎಷ್ಟು ಹಾಯೆನಿಸುತ್ತದೆ ಎಂಬುದು ಗೊತ್ತಾದ ಮೇಲೆ ಮುಂದಿನ ಸಲ ಹೆದರಿಕೆ ಇನ್ನಷ್ಟು ಬೇಗ ಬಂದು ಬಾಗಿಲು ತಟ್ಟುತ್ತಿತ್ತು.

ನನಗೆ ಬೇಕಾದ ಲೈನಿಂಗ್ ಬಟ್ಟೆ, ನೂಲು ತರಲು ಅವನನ್ನು ಉಪ್ಪಳಕ್ಕೆ ಕಳಿಸುತ್ತಿದ್ದೆ. ಅಂಗಡಿ ಖಾಲಿಯಾಗುವವರೆಗೆ ಎದುರಿನ ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದನಂತೆ. ಹಸಿರು ಹೇಳಿದರೆ ನೀಲಿ ತಂದ ದಿನಗಳು ಎಷ್ಟೋ. “ಅವರು ನೀಲಿ ಕೊಟ್ಟರು” ಎನ್ನುತ್ತಿದ್ದ. ಬೇಡ, ಬದಲಾಯಿಸಿ ಎನ್ನಲು ಅವನಿಂದಾಗುತ್ತಿರಲಿಲ್ಲ. ಆ ವರ್ಷಗಳಲ್ಲಿ ನಾನು ಹೊಲಿದ ರವಿಕೆಗಳ ಒಳಗೆ ಬಣ್ಣ ತಪ್ಪಿದ ಲೈನಿಂಗು ಈಗಲೂ ಇರಬಹುದು. ಜೀಪಿನಲ್ಲಿ ಎದುರು ಬದುರು ಕುಳಿತುಕೊಳ್ಳಬೇಕಾಗುತ್ತದೆ ಎಂದು ಅವನು ಹಿಂದೆ ನೇತಾಡಿಕೊಂಡೇ ಹೋಗುತ್ತಿದ್ದ. “ನಿಮ್ಮ ಮಗನಿಗೆ ಮಾತು ಬರುವುದಿಲ್ಲವಾ?” ಎಂದು ಜನ ಅಪ್ಪನನ್ನು ಕೇಳುತ್ತಿದ್ದರು. ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಮಾತು ಬಾರದವನಿಗೆ ಕಿವಿಯೂ ಕೇಳುವುದಿಲ್ಲ ಎಂದು ತಿಳಿದವರ ಹಾಗೆ.

ಹತ್ತನೆಯದರಲ್ಲಿ ಒಳ್ಳೆಯ ಅಂಕ ಬಂತು. ಕಾಲೇಜಿನ ಮೊದಲ ದಿನ ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಪರಿಚಯ ಹೇಳಬೇಕಿತ್ತು. ಅವನ ಬೆಂಚಿನವರೆಗೆ ಸರದಿ ಬರುವ ಮೊದಲೇ ಚೀಲ ಬಿಟ್ಟು ಹೊರಗೆ ಬಂದವನು ಮಧ್ಯಾಹ್ನಕ್ಕೆ ಮನೆಯಲ್ಲಿದ್ದ. ಮತ್ತೆ ಹೋಗಲಿಲ್ಲ. ಜೀಪು ತೊಳೆಯುವುದು, ಚಕ್ರ ಬಿಚ್ಚುವುದು, ಇದರಲ್ಲಿ ಅಪ್ಪನ ಜೊತೆ ಸೇರಿಕೊಂಡ.

ಆಗ ನೆಂಟರೆಲ್ಲರಿಗೂ ಬಾಯಿ ಬಂತು. ಚಿಕ್ಕಮ್ಮ ಬಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. “ದೃಷ್ಟಿ ಆದದ್ದೇ, ನೋಡಿ ಎಷ್ಟು ಘಾಟು!” ಎಂದರು. ದೃಷ್ಟಿ ತೆಗೆದ ಆ ಕೈಯೇ ಕ್ಯಾಸೆಟ್ಟು ಹಾಕುತ್ತಿದ್ದದ್ದು. ಇನ್ನೊಬ್ಬರು ತಮ್ಮ ಮಗನನ್ನು ಮುಂದೆ ತಳ್ಳಿ “ನಮ್ಮವನನ್ನು ನೋಡು, ಎಲ್ಲಿ ಬಿಟ್ಟರೂ ಮಾತಾಡ್ತಾನೆ” ಎಂದರು. ಮತ್ತೊಬ್ಬರದು ನೇರ ತೀರ್ಪು: “ಅಮ್ಮನೇ ಕೊಂಡಾಡಿ ಹಾಳು ಮಾಡಿದ್ದು.”

ಈ ಕೊನೆಯ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ. ಅದರಲ್ಲಿ ಸ್ವಲ್ಪ ನಿಜವೂ ಇರುವುದರಿಂದ. ಮೊಂತಿ ಹಬ್ಬದ ಮರುದಿನ ಸಂಜೆ ತಮ್ಮನ ಸರದಿ ಬಂದಾಗ ಅವನು ಮಣಿ ಹಿಡಿದು ಸುಮ್ಮನೆ ಕುಳಿತ. ಮೇಲಿನ ತುಟಿಯ ಮೇಲೆ ಬೆವರು. ಅಮ್ಮ ತಿರುಗಿಯೂ ನೋಡದೆ ಅವನ ಹತ್ತನ್ನು ತಾವೇ ಹೇಳಿದರು. ಮೂರನೆಯ ದಿನವೂ ಹೇಳಿದರು. ಆಮೇಲೆ ಅದೇ ರೂಢಿಯಾಯಿತು. ಅವನ ಹತ್ತು ಬಂದಾಗ ಅವನು ತಲೆ ತಗ್ಗಿಸುವುದು, ಅಮ್ಮ ಹೇಳುವುದು. ಸಾಯುವ ಹಿಂದಿನ ಸಂಜೆಯವರೆಗೆ ಹೇಳಿದರು. ಮಗ ಬೀಳದಿರಲಿ ಎಂದು ಎತ್ತಿಕೊಂಡವರು ಇಳಿಸುವುದನ್ನು ಮರೆತರು. ಆದರೂ ಅಮ್ಮನನ್ನೂ ಆ ನಗುವವರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಕ್ಕೆ ನನಗೆ ಆಗುವುದಿಲ್ಲ.

ಈ ವರ್ಷ ಲೆಂತ್ ಎಂಬ ನಮ್ಮ ಉಪವಾಸದ ಕಾಲಕ್ಕಿಂತ ಮೊದಲು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮ್ಮ ಕುಸಿದು ಬಿದ್ದರು. ಜೀಪಿನಲ್ಲಿ ಹಾಕಿ ಹೆದ್ದಾರಿ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಬಾಪ್ಪು ಅಷ್ಟರಲ್ಲಿ ಬಹರೈನ್ ಬಿಟ್ಟು ಬಂದು ಉಪ್ಪಳದಲ್ಲಿ ಅಂಗಡಿ ಇಟ್ಟಿದ್ದರು. ಜೊತೆಗೆ ಮದುವೆ, ಮರಣಗಳ ವಿಡಿಯೊ ತೆಗೆಯುತ್ತಿದ್ದರು. ಗಲ್ಫಿನಲ್ಲಿರುವವರು ಮಣ್ಣಿಗೆ ಬರಲಾಗದಿದ್ದರೆ ಕ್ಯಾಸೆಟ್ಟು ಕಳಿಸುವುದು ನಮ್ಮಲ್ಲಿ ಈಗ ಕ್ರಮವೇ ಆಗಿಹೋಗಿದೆ. ಅಮ್ಮನ ತಮ್ಮಂದಿರು ಕುವೈಟಿನಲ್ಲಿದ್ದಾರೆ. ಹಾಗಾಗಿ ಅಮ್ಮನ ಪೆಟ್ಟಿಗೆಯ ಸುತ್ತ ಬಾಪ್ಪು ಮದುವೆಮನೆಯಲ್ಲಿ ಓಡಾಡುವ ಹಾಗೆಯೇ ಓಡಾಡಿದರು.

“ನೀನು ಸ್ವಲ್ಪ ಬಗ್ಗಿ ಹಣೆಗೆ ಮುತ್ತು ಕೊಡು,” ಎಂದರು ನನಗೆ. ಕೊಟ್ಟೆ. “ಇನ್ನೊಮ್ಮೆ ಮಗಳೇ, ಲೈಟು ಸರಿ ಇರಲಿಲ್ಲ.”

ಅಮ್ಮನ ತಣ್ಣಗಾದ ಹಣೆಗೆ ಲೈಟಿಗೋಸ್ಕರ ಎರಡನೆಯ ಸಲ ಬಗ್ಗಿದವಳು ನಾನು. ತುಟಿ ಒರೆಸಿಕೊಳ್ಳಬೇಕೆನಿಸಿತು. ಅಮ್ಮನ ಮೇಲಿನ ಅಸಹ್ಯದಿಂದಲ್ಲ. ತಮ್ಮ ಪೆಟ್ಟಿಗೆಯ ಕಾಲಿನ ಕಡೆ ಗೋಡೆಗೆ ಅಂಟಿಕೊಂಡು ನಿಂತಿದ್ದ. ಲೈಟು ತಿರುಗಿದಾಗ ಅವನಿಗೆ ಅಳಲೂ ಆಗಲಿಲ್ಲ. “ನೋಡಿ, ಒಂದು ಹನಿ ಇಲ್ಲ, ಕಲ್ಲು” ಎಂದು ಯಾರೋ ಹಿಂದಿನಿಂದ ಹೇಳಿದರು.

ಮಣ್ಣು ಮಾಡಿ ಬಂದ ಸಂಜೆ ಅವನು ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ. ನಾನು ಹತ್ತಿರ ಹೋದೆ.

“ಅಕ್ಕ, ಏಳನೆಯ ದಿನದ ತೇರ್ಸಿಗೆ ನನ್ನ ಹತ್ತು ನಾನೇ ಹೇಳ್ತೇನೆ,” ಎಂದ.

“ಆಗ್ತದಾ?”

“ಗೊತ್ತಿಲ್ಲ. ಅಮ್ಮ ಇಷ್ಟು ವರ್ಷ ನನ್ನದನ್ನು ಹೇಳಿದ್ದು. ಅಮ್ಮನಿಗೆ ಒಮ್ಮೆಯಾದರೂ ನಾನು ಹೇಳ್ಬೇಡವಾ?”

ಆ ವಾರ ಅಪ್ಪ ಜೀಪು ಹೊರಗೆ ತೆಗೆಯಲಿಲ್ಲ. ಅದು ಅಂಗಳದಲ್ಲಿ ಟಾರ್ಪಾಲಿನ ಪರದೆ ಇಳಿಸಿಕೊಂಡು ನಿಂತಿತ್ತು. ತಮ್ಮ ಅದರೊಳಗೆ ಕುಳಿತು ಅಭ್ಯಾಸ ಮಾಡುತ್ತಿದ್ದ. ನಾನು ಅಂಗಳ ಗುಡಿಸುವ ನೆಪದಲ್ಲಿ ಹತ್ತಿರ ಹೋಗಿ ಕೇಳಿದ್ದೆ. ಕೀಚಲು ಎಂದೋ ಹೋಗಿತ್ತು. ದಪ್ಪ, ಸ್ವಲ್ಪ ಒರಟು, ಅಪ್ಪನದ್ದೇ ಸ್ವರ. ನಾಲ್ಕು ವರ್ಷದಿಂದ ಜೊತೆಯಲ್ಲೇ ಉಂಡು ಮಲಗಿದ ನನಗೆ ಅವನ ಪ್ರಾರ್ಥನೆಯ ಸ್ವರ ಹೊಸದಾಗಿ ಕೇಳಿಸಿತು.

ಏಳನೆಯ ದಿನದ ಸಂಜೆಗೆ ಮನೆ ತುಂಬಿತು. ಬಾಪ್ಪು ಕ್ಯಾಮರಾ, ಹಾಲೊಜೆನ್ ಲೈಟು, ಉದ್ದದ ವೈರಿನ ಸಮೇತ ಬಂದರು.

“ಬಾಪ್ಪು, ಇವತ್ತು ಬೇಡ,” ಎಂದೆ.

“ನೀನು ಸುಮ್ಮನಿರು ಮಾರಾಯ್ತಿ. ನಿನ್ನ ಮಾಮಂದಿರು ಕುವೈಟಿನಿಂದ ಫೋನ್ ಮಾಡಿ ಹೇಳಿದ್ದಾರೆ, ಏಳನೆಯ ದಿನದ್ದೂ ಬೇಕು ಅಂತ.”

“ತೇರ್ಸಿನ ಹೊತ್ತಿಗೆ ಮಾತ್ರ ಬೇಡ. ತಮ್ಮ ಅವನ ಹತ್ತು ಹೇಳ್ತಾನಂತೆ.”

ಆ ಮಾತು ಕೇಳಿ ಅವರ ಮುಖ ಅರಳಿತು. ಅದನ್ನು ನೆನೆದರೆ ಈಗಲೂ ಕೈ ತೊಳೆಯಬೇಕೆನಿಸುತ್ತದೆ. “ಹೌದಾ? ಹಾಗಾದರೆ ಬೇಕೇ ಬೇಕಲ್ಲ!” ಎಂದವರು ಹೋಗಿ ಚಿಕ್ಕಮ್ಮನ ಕಿವಿಯಲ್ಲಿ ಹೇಳಿದರು. ಚಿಕ್ಕಮ್ಮ ಪಕ್ಕದವರಿಗೆ ಹೇಳಿದರು. ಚಾಪೆಗಳ ಮೇಲೆ ಅದು ಸಾಲಿನಿಂದ ಸಾಲಿಗೆ ಹೋಯಿತು. ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಸತ್ತವಳಿಗಾಗಿ ಬಂದವರೆಲ್ಲ ನಾಲ್ಕನೆಯ ಹತ್ತಿಗಾಗಿ ಕಾಯುತ್ತಿದ್ದರು.

ನಮ್ಮ ಕೇರಿಯ ಗುರ್ಕಾರ್, ಅಂದರೆ ಮನೆಮನೆಗಳಲ್ಲಿ ಪ್ರಾರ್ಥನೆ ನಡೆಸಿಕೊಡುವ ಹಿರಿಯರು, ತೇರ್ಸ್ ಆರಂಭಿಸಿದರು. ಮೊದಲ ಹತ್ತು ಅಪ್ಪ ಹೇಳಿದರು. ಅಮ್ಮನದನ್ನು ಗುರ್ಕಾರರು ಹೇಳಿದರು. ನನ್ನದನ್ನು ನಾನು ಹೇಳಿ ಮುಗಿಸಿದೆ. ಲೈಟಿಗೆ ಮುತ್ತಿದ ಹುಳಗಳು ಸುಟ್ಟು ಬೀಳುತ್ತಿದ್ದವು, ಅದರ ಕಮಟು ವಾಸನೆ ಅಮ್ಮನ ಫೋಟೊದ ಮುಂದಿನ ಊದುಬತ್ತಿಯ ಜೊತೆ ಸೇರಿ ಮೂಗಿಗೆ ಬಡಿಯುತ್ತಿತ್ತು. ಲೈಟು ತಮ್ಮನ ಮೇಲೆ ತಿರುಗಿತು. ಅವನು ಮಣಿಯನ್ನು ಬೆರಳಿನಲ್ಲಿ ಹಿಡಿದು ಬಾಯಿ ತೆರೆದ. ನಿಜವಾಗಿಯೂ ತೆರೆದ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಸಾಕಿತ್ತು.

ಬಾಪ್ಪು ಕ್ಯಾಮರಾದ ಹಿಂದಿನಿಂದ ಮೆಲ್ಲಗೆ ಹೇಳಿದರು: “ಹೇಳಾ, ಹೇಳಾ. ಈ ಸಲ ಕೋಳಿಮರಿ ಇಲ್ಲ ಅಲ್ವಾ?”

ಹೆಂಗಸರ ಸಾಲಿನಲ್ಲಿ ಒಂದು ನಗು ಮೂಗಿನಿಂದ ಸೀನಿನ ಹಾಗೆ ಹೊರಬಂತು. ತಮ್ಮ ಎದ್ದ. ಜನರ ಕಾಲುಗಳ ಮಧ್ಯೆ ಎಡವುತ್ತ ಬಾಗಿಲು ದಾಟಿ ಹೋದ.

ಗುರ್ಕಾರರು ನನ್ನ ಕಡೆ ನೋಡಿದರು. “ನೀನೇ ಹೇಳು ಮಗಳೇ, ಪ್ರಾರ್ಥನೆ ಅರ್ಧದಲ್ಲಿ ನಿಲ್ಲಬಾರದು.”

ಇಡೀ ಮನೆ ನನ್ನನ್ನು ನೋಡಿತು. ಅಮ್ಮ ಇದ್ದರೆ ಇಷ್ಟರಲ್ಲಿ ಶುರುಮಾಡಿರುತ್ತಿದ್ದರು. ನನ್ನ ನಾಲಿಗೆಯ ಮೇಲೂ ಮೊದಲ ಮಾತು ಬಂದಿತ್ತು. ಅದನ್ನು ನುಂಗಿದೆ.

“ಅದು ಅವನದ್ದು,” ಎಂದೆ. “ಕಾಯುವ.”

“ಎಷ್ಟು ಹೊತ್ತು ಅಂತ ಕಾಯುವುದು? ಅನ್ನ ತಣಿಯುತ್ತದೆ,” ಎಂದರು ಚಿಕ್ಕಮ್ಮ.

ಹೊರಗೆ ಜೀಪಿನ ಸ್ಪ್ರಿಂಗು ಕಿರ್ರೆಂದಿತು. ಆಮೇಲೆ ಟಾರ್ಪಾಲಿನ ಒಳಗಿನಿಂದ ಸ್ವರ ಬಂತು. ‘ನಮಾನ್ ಮೊರಿಯೆ.’ ಮೊದಲು ನೆಲಕ್ಕೆ ಹೇಳಿದ ಹಾಗೆ, ಆಮೇಲೆ ಸ್ವಲ್ಪ ಎತ್ತರಕ್ಕೆ. ಅರ್ಧ ಹೇಳಿ ನಿಂತಿತು. ಇನ್ನರ್ಧವನ್ನು ನಾವು ಹೇಳಬೇಕಿತ್ತು. ಆ ಜನ ಹೇಳಲಿಲ್ಲ. ಆಟ ನೋಡುವವರ ಹಾಗೆ ಕತ್ತು ಉದ್ದ ಮಾಡಿ ಬಾಗಿಲಿನ ಕಡೆ ನೋಡುತ್ತಿದ್ದರು. ಅಪ್ಪ ಹೇಳಿದರು. ಒಬ್ಬರೇ. ನೆಟ್ಟಗೆ ಕುಳಿತು, ಕಣ್ಣು ಮುಚ್ಚಿ, ಹೊರಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವರ ಜೊತೆ ನಾನು ಸೇರಿದೆ. ಗುರ್ಕಾರರು ಸೇರಿದರು. ಎರಡನೆಯ ಮಣಿ ಬಂತು.

ಆಗ ಬಾಪ್ಪು ಲೈಟಿನ ವೈರು ಕಿತ್ತು, “ಬ್ಯಾಟರಿ ಉಂಟು, ಇದನ್ನು ತೆಗೀಲೇಬೇಕು” ಎಂದು ಕ್ಯಾಮರಾ ಹೆಗಲಿಗೇರಿಸಿ ಬಾಗಿಲಿಗೆ ಓಡಿದರು. ನಾನು ಎದ್ದು ಹೋಗಿ ಹೊಸ್ತಿಲಿನಲ್ಲಿ ನಿಂತೆ. ಪ್ರಾರ್ಥನೆಯ ಇನ್ನರ್ಧ ಹೇಳುತ್ತಲೇ ಎರಡು ಕೈಗಳಿಂದ ಬಾಗಿಲಿನ ಎರಡು ಬದಿ ಹಿಡಿದೆ. ಅವರ ಎದೆ ನನ್ನ ತೋಳಿಗೆ ತಾಗಿತು. ಅದೇ ಸೆಂಟು.

“ಎಂತ ಹುಚ್ಚು ನಿನ್ನದು? ಬಿಡು, ಮುಗಿದುಹೋಗ್ತದೆ!”

“ಬಿಡುವುದಿಲ್ಲ.”

“ನಿನ್ನ ಮಾಮಂದಿರಿಗೇ ಅಲ್ವಾ ತೆಗೆಯುವುದು?”

“ನಿಮ್ಮ ಟಿ.ವಿ.ಗೆ,” ಎಂದೆ. “ಚಿಪ್ಸು ತಿನ್ನಲಿಕ್ಕೆ.”

ಜೀವನದಲ್ಲಿ ನಾನು ಹಿರಿಯರಿಗೆ ಎದುರಾಡಿದ್ದು ಅದೊಂದೇ. ಗಟ್ಟಿಯಾಗಿಯೂ ಹೇಳಲಿಲ್ಲ. ಅವರು ಕ್ಯಾಮರಾ ಹಿಡಿದು ನನ್ನ ಹೆಗಲ ಮೇಲಿನಿಂದ ಇಣುಕಲು ನೋಡಿದರು. ಕತ್ತಲಾಗುತ್ತಿತ್ತು. ಜೀಪಿನ ಪರದೆಯಲ್ಲದೆ ಅವರಿಗೆ ಏನೂ ಸಿಗಲಿಲ್ಲ. ಹತ್ತೂ ಮಣಿ ಮುಗಿದವು.

ಆಮೇಲೆ ಊಟ. ಸನ್ನ ಎನ್ನುವ ಅಕ್ಕಿ ಇಡ್ಲಿ, ಮಾಂಸದ ಸಾರು. ಅಮ್ಮನ ಹೆಸರಿನ ಊಟದಲ್ಲಿ ಬೆರಳು ನೆಕ್ಕುತ್ತ ಎಲ್ಲರೂ ತಮ್ಮನನ್ನು ಹೊಗಳಿದರು. “ಸ್ವರ ಎಷ್ಟು ಚಂದ ಉಂಟು! ಇಷ್ಟು ದಿನ ಯಾಕೆ ಮುಚ್ಚಿಟ್ಟದ್ದಪ್ಪ?” ಎಂದರು ನೆಕ್ರಾಜೆಯಿಂದ ಬಂದ ನೆಂಟರು. ಬಾಪ್ಪು ಮೂಳೆ ಚೀಪಿ ಎಲೆಯ ಬದಿಗಿಟ್ಟು, “ನಾನು ಸ್ವಲ್ಪ ಚುಚ್ಚಿದ್ದಕ್ಕೆ ಅಲ್ವಾ ರೋಷ ಬಂದು ಹೇಳಿದ್ದು? ಹುಡುಗರಿಗೆ ಹಾಗೇ ಮಾಡ್ಬೇಕು” ಎಂದರು. ಹತ್ತಾರು ತಲೆಗಳು ಹೌದೆಂದು ಆಡಿದವು. ಚಿಕ್ಕಮ್ಮ ಅಂಗಳಕ್ಕೆ ಮುಖ ಮಾಡಿ ಕರೆದರು: “ಬಾ ಪುತಾ, ಒಳಗೆ ಬಂದು ಎಲ್ಲರ ಎದುರು ಇನ್ನೊಮ್ಮೆ ಹೇಳು ನೋಡುವ!”

ನನಗೆ ಊಟ ಸೇರಲಿಲ್ಲ. ಒಂದು ತಟ್ಟೆಗೆ ಬಡಿಸಿಕೊಂಡು ಜೀಪಿಗೆ ಹೋದೆ. ಅವನು ಡ್ರೈವರ್ ಸೀಟಿನಲ್ಲಿ ಸ್ಟಿಯರಿಂಗಿಗೆ ಹಣೆ ಇಟ್ಟು ಕುಳಿತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

“ಕೇಳಿತಾ?” ಎಂದ.

“ಕೇಳಿತು.”

“ಮಧ್ಯದಲ್ಲಿ ಒಂದು ಕಡೆ ಒಡೆಯಿತು.”

“ಗೊತ್ತಾಗಲಿಲ್ಲ.”

“ಸುಳ್ಳು ಹೇಳ್ಬೇಡ.”

“ಸರಿ, ಒಡೆಯಿತು. ಅಪ್ಪನದೂ ಒಡೆಯಿತು.”

ಅವನು ಸ್ಟಿಯರಿಂಗಿನಿಂದ ಹಣೆ ಎತ್ತಿ, “ಅಪ್ಪನ ಗಂಟಲಲ್ಲೂ ಕೋಳಿಮರಿಯಾ?” ಎಂದ. ಆ ಮಾತನ್ನು ಅವನ ಬಾಯಿಯಿಂದ ಕೇಳಿದ್ದು ಅದೇ ಮೊದಲು. ನಗಲು ಹೋಗಿ ಅವನು ಅತ್ತ. ಲೈಟಿಲ್ಲದ ಜಾಗದಲ್ಲಿ ಅಳು ಸರಿಯಾಗಿಯೇ ಬಂತು.

ಅವನು ಸರಿಹೋದ ಎಂದು ನಾನು ಬರೆಯಲಾರೆ. ಈಗಲೂ ಅಂಗಡಿ ಖಾಲಿಯಾಗುವುದನ್ನು ಕಾಯುತ್ತಾನೆ. ಕಾಲೇಜಿನ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಬಾಪ್ಪು ಮೊನ್ನೆ ರಸ್ತೆಯಲ್ಲಿ ಸಿಕ್ಕಿ, “ನಿನ್ನ ಅಮ್ಮನ ಸ್ವರ ನನ್ನ ಹತ್ತಿರ ಮಾತ್ರ ಉಂಟು, ಬೇಕಾದರೆ ಬಾ, ಹಾಕಿ ತೋರಿಸ್ತೇನೆ” ಎಂದರು. ದೊಡ್ಡ ಉಪಕಾರ ಮಾಡುವವರ ಹಾಗೆ. ಆ ಸ್ವರ ನನಗೆ ಬೇಕು. ಆದರೆ ಆ ಸೋಫಾದಲ್ಲಿ ಕುಳಿತು, ಆ ನಗು ಮುಗಿಯುವುದನ್ನು ಕಾದು, ಅದರ ಬಾಲದಲ್ಲಿ ಬರುವ ಅಮ್ಮನನ್ನು ಕೇಳುವುದಕ್ಕೆ ನನ್ನಿಂದಾಗುವುದಿಲ್ಲ.

ಸಂಜೆ ನಾವು ಮೂವರೇ ತೇರ್ಸಿಗೆ ಕುಳಿತುಕೊಳ್ಳುತ್ತೇವೆ. ಅಮ್ಮನ ಎರಡನೆಯ ಹತ್ತು ಅಪ್ಪನದಾಗಿದೆ, ಐದನೆಯದು ನನ್ನದು. ನಾಲ್ಕನೆಯದು ಬಂದಾಗ ನಾವು ತಮ್ಮನ ಕಡೆ ನೋಡುವುದಿಲ್ಲ, ಅವನ ಬದಲಿಗೆ ಹೇಳುವುದೂ ಇಲ್ಲ. ಕೆಲವು ಸಂಜೆ ಅವನು ಹೇಳುತ್ತಾನೆ. ಕೆಲವು ಸಂಜೆ ಸ್ವರ ಬರುವುದಿಲ್ಲ, ಮಣಿಗಳು ಅವನ ಬೆರಳಿನಲ್ಲಿ ಒಂದೊಂದಾಗಿ ಸರಿಯುವ ಸದ್ದು ಮಾತ್ರ. ಆ ಹತ್ತು ಮುಗಿಯುವವರೆಗೆ ಅಪ್ಪನೂ ನಾನೂ ಸುಮ್ಮನೆ ಕುಳಿತಿರುತ್ತೇವೆ. ನಿನ್ನೆ ಏಳು ಮಣಿ ಹಾಗೆ ಸರಿದವು. ಎಂಟನೆಯದಕ್ಕೆ ಅವನು ಗಂಟಲು ಸರಿಮಾಡಿಕೊಂಡ. ಅಪ್ಪ ಇನ್ನರ್ಧ ಹೇಳುವುದಕ್ಕೆ ತಯಾರಾಗಿ ಕುಳಿತರು.